ಬೆಳ್ಳಗಾದ ಬಾಟಲಿ

ಕೋವಿಡ್ ವಾರ್ಡುಗಳನ್ನು ಮುಚ್ಚಿ ಎರಡು ವರ್ಷವಾಗಿತ್ತು. ಆಗ ನಾನು ಹೊಳೆನರಸೀಪುರದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹಿರಿಯ ಶುಶ್ರೂಷಣಾಧಿಕಾರಿ. ಹುದ್ದೆಯ ಹೆಸರು ಉದ್ದವಾಯಿತೇ ಹೊರತು ಕೆಲಸ ಹಳೆಯ ಸಿಸ್ಟರಮ್ಮನದೇ. ತುರ್ತು ಚಿಕಿತ್ಸಾ ವಿಭಾಗ ನನ್ನ ಹೊಣೆಯಲ್ಲಿತ್ತು. ಬಾಯಿ ಜೋರು ಎಂಬ ಹೆಸರೂ ನನಗಿತ್ತು, ಅದು ಸುಳ್ಳೇನೂ ಆಗಿರಲಿಲ್ಲ.

ನಮ್ಮ ಕಡೆಯ ಜನರಿಗೆ ಮಾತ್ರೆಯ ಮೇಲಿಲ್ಲದ ನಂಬಿಕೆ ಬಾಟಲಿಯ ಮೇಲಿದೆ. ಬಾಟಲಿ ಎಂದರೆ ಡ್ರಿಪ್. ರಕ್ತನಾಳಕ್ಕೆ ಸೂಜಿ ಚುಚ್ಚಿ ಹನಿಹನಿಯಾಗಿ ಬಿಡುವ ಗ್ಲೂಕೋಸ್, ಇಲ್ಲವೇ ಸಲೈನ್ ಎನ್ನುವ ಉಪ್ಪುನೀರು. ಆಲೂಗೆಡ್ಡೆ ಕಿತ್ತು ಮುಗಿಸಿದ ವಾರ, ಮದುವೆ ಮನೆಯ ಕೆಲಸ ತೀರಿದ ಮಾರನೇ ದಿನ, ಗಟ್ಟಿಮುಟ್ಟಾದವರೂ ಬಂದು “ಸುಸ್ತು ಕಣಕ್ಕ, ಒಂದ್ ಬಾಟ್ಲು ಏರ್ಸು” ಎಂದು ಕೈ ಚಾಚುತ್ತಿದ್ದರು. ಮನೆಗೆ ಹೋಗಿ ಎರಡು ಎಳನೀರು ಕುಡಿಯಿರಿ ಎಂದು ಗದರಿಸಿ ಕಳಿಸುತ್ತಿದ್ದೆ. ಅವರು ನೇರ ಯಾವುದಾದರೂ ಖಾಸಗಿ ಕ್ಲಿನಿಕ್ಕಿಗೆ ಹೋಗಿ ಏರಿಸಿಕೊಂಡೇ ಊರಿನ ಬಸ್ಸು ಹತ್ತುತ್ತಿದ್ದರು ಎಂಬುದೂ ನನಗೆ ಗೊತ್ತಿತ್ತು.

ಆ ವರ್ಷ ಚನ್ನರಾಯಪಟ್ಟಣಕ್ಕೆ ಹೊಸ ಬಾಟಲಿ ಬಂತು. ಮಹಡಿ ಮೇಲೊಂದು ಸೆಂಟರ್. ಒರಗು ಕುರ್ಚಿಗಳು, ಎ.ಸಿ., ಗೋಡೆಗೆ ರಕ್ತನಾಳದ ದೊಡ್ಡ ಚಿತ್ರ. ಅಲ್ಲಿ ಕೊಡುತ್ತಿದ್ದ ಔಷಧದ ಹೆಸರು ಫಾಸ್ಫಟೈಡಿಲ್‌ಕೋಲಿನ್. ಅದು ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಾತಿಯ ವಸ್ತು. ನಮ್ಮ ಮೈಯ ಪ್ರತಿಯೊಂದು ಜೀವಕೋಶದ ಹೊರಪದರದಲ್ಲೂ ಇರುತ್ತದೆ. ಔಷಧಕ್ಕೆ ಸೋಯಾದಿಂದ ತೆಗೆಯುತ್ತಾರೆ. ಲಿವರ್ ಕಾಯಿಲೆಗೆ ಕೆಲವು ಕಡೆ ಬಳಸುವುದುಂಟು. ಆದರೆ ಆ ಸೆಂಟರಿನ ಕರಪತ್ರದಲ್ಲಿ ಇದ್ದದ್ದೇ ಬೇರೆ: ನಾಳದೊಳಗಿನ ಕೊಬ್ಬು ಕರಗುತ್ತದೆ, ರಕ್ತಸಂಚಾರ ಸರಾಗವಾಗುತ್ತದೆ, ಮುಪ್ಪು ಹಿಂದಕ್ಕೆ ಸರಿಯುತ್ತದೆ. ಹಾಗೆ ಆಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದು ನಮ್ಮ ಆಸ್ಪತ್ರೆಯ ಫಿಸಿಶಿಯನ್ ನನಗೆ ಹೇಳಿದ್ದರು.

ಆ ಕರಪತ್ರ ತಂದು ತೋರಿಸಿದವರು ನನ್ನ ಭಾವ ಸಣ್ಣೇಗೌಡರು. ನನ್ನ ಅಕ್ಕ ಸರೋಜಳ ಗಂಡ. ಬಾಗೂರಿನಲ್ಲಿ ತೆಂಗಿನ ತೋಟ, ನಾಲ್ಕು ಹಸು, ವಯಸ್ಸು ಅರವತ್ತೇಳು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಬೀಡಿ ಬಿಟ್ಟಿರಲಿಲ್ಲ. ಡೇರಿಗೆ ಹಾಲು ಕೊಂಡೊಯ್ಯುವಾಗ ಇನ್ನೂರು ಹೆಜ್ಜೆಗೊಮ್ಮೆ ಮೀನಖಂಡ ಹಿಡಿದುಕೊಂಡು ನಿಲ್ಲುತ್ತಿದ್ದರು. ಕಾಲಿನ ರಕ್ತನಾಳ ಕಿರಿದಾದ ಲಕ್ಷಣ ಅದು. ಡಾಕ್ಟರು ಮಾತ್ರೆ ಬರೆದು, ಬೀಡಿ ಬಿಡಿ, ದಿನಾ ನಡೆಯಿರಿ ಎಂದಿದ್ದರು. ಭಾವನಿಗೆ ಅದೊಂದು ಚಿಕಿತ್ಸೆ ಅನ್ನಿಸಿರಲೇ ಇಲ್ಲ.

“ನಮ್ ತ್ವಾಟದ ಡ್ರಿಪ್ ಪೈಪು ಉಪ್ಪು ಕಟ್ಕಂಡಾಗ ಏನ್ ಮಾಡ್ತೀವಿ? ಆಸಿಡ್ ಬುಟ್ಟು ತೊಳೀತೀವಿ. ಇದೂ ಅಂಗೇ ಕಣಮ್ಮ. ಮೈಯೊಳ್ಗಿನ ಪೈಪ್ ತೊಳ್ಯದು,” ಎಂದರು.

“ತೋಟದ ಪೈಪ್ ಒಡೆದ್ರೆ ಬೇರೆ ತಂದು ಹಾಕ್ತೀರಿ. ಇದನ್ನ ಎಲ್ಲಿಂದ ತರ್ತೀರಿ ಭಾವ?” ಎಂದೆ.

“ನಿಂಗೆ ಸರ್ಕಾರದ್ ಮಾತ್ರೆ ಬುಟ್ರೆ ಇನ್ನೇನ್ ಗೊತ್ತು ಡಾಕ್ಟ್ರಮ್ಮ,” ಎಂದು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದೆ. ಅದನ್ನು ಯಾವುದರಲ್ಲಿ ಬೆರೆಸಿ ಕೊಡುತ್ತಾರೆ, ಡಾಕ್ಟರು ಎದುರಿಗಿರುತ್ತಾರೋ ಇಲ್ಲವೋ, ಇದೊಂದನ್ನೂ ಕೇಳಲಿಲ್ಲ. ಆ ದಿನ ಬೈಯುವ ಬದಲು ನಾಲ್ಕು ಪ್ರಶ್ನೆ ಕೇಳಬಾರದಿತ್ತೇ ಎಂದು ಈಗಲೂ ಸಂಕಟವಾಗುತ್ತದೆ.

ವಾರಕ್ಕೆ ಎರಡರಂತೆ ಇಪ್ಪತ್ತು ಬಾಟಲಿಯ ಕೋರ್ಸ್. ಬಾಗೂರಿನಿಂದ ಐದು ಜನ ಒಂದೇ ಓಮ್ನಿಯಲ್ಲಿ ಹೋಗಿಬರತೊಡಗಿದರು. ಮೂರನೇ ಬಾಟಲಿಗೆ ಕಾಲು ಹಗುರಾಯಿತು ಎಂದರು ಭಾವ. ಐದನೆಯದು ಮುಗಿಯುವ ಹೊತ್ತಿಗೆ ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿದ್ದ ಮಾತ್ರೆಯನ್ನೂ ಕೊಲೆಸ್ಟರಾಲ್ ಮಾತ್ರೆಯನ್ನೂ ನಿಲ್ಲಿಸಿಬಿಟ್ಟಿದ್ದರು. ಪೈಪು ತೊಳೆದ ಮೇಲೆ ಮಾತ್ರೆ ಯಾಕೆ ಎಂದು ಅವರ ವಾದ. ಅಕ್ಕ ಫೋನಿನಲ್ಲಿ ಇದನ್ನು ಹೇಳುವಾಗ ಅವಳ ದನಿ ಇಳಿದಿತ್ತು. “ಬಾಟ್ಲು ಏರ್ಸ್ಕಂಡ್ ಬಂದ್ ದಿನ ಮೈ ಬಿಸಿ ಇರ್ತದೆ ಕಣೆ. ಕೇಳುದ್ರೆ, ಒಳ್ಗಿನ ಕಸ ಕರಗ್ತಾ ಅದೆ ಸುಮ್ಕಿರು ಅಂತಾರೆ,” ಎಂದಳು. ಭಾನುವಾರ ಬಂದು ಮಾತಾಡುತ್ತೇನೆ ಎಂದೆ. ಎರಡು ಭಾನುವಾರವೂ ಡ್ಯೂಟಿ ಬಿತ್ತು, ಹೋಗಲಾಗಲಿಲ್ಲ.

ಅದಾದ ಗುರುವಾರ ಮಧ್ಯಾಹ್ನ ಎರಡೂವರೆಗೆ ನನ್ನ ಫೋನಿಗೆ ಒಂದು ಫೋಟೋ ಬಂತು. ಒರಗು ಕುರ್ಚಿಯಲ್ಲಿ ಭಾವ, ಮೇಲೆ ತೂಗುವ ಬಾಟಲಿ. ಜೊತೆಗೆ ಅವರದೇ ದನಿ: “ನೋಡು ಡಾಕ್ಟ್ರಮ್ಮ, ಇವತ್ತು ಪವರ್ ಜಾಸ್ತಿ ಬಾಟ್ಲು. ಹಾಲ್ ಇದ್ದಂಗದೆ.”

ಫೋಟೋ ದೊಡ್ಡದು ಮಾಡಿ ನೋಡಿದೆ. ಬಾಟಲಿ ಬೆಳ್ಳಗಿತ್ತು. ಅದರ ತಳದಲ್ಲಿ ಒಡೆದ ಹಾಲಿನಲ್ಲಿ ಇರುವಂಥ ಸಣ್ಣ ಸಣ್ಣ ಚೂರುಗಳಿದ್ದವು. ಆ ಔಷಧವನ್ನು ನಾನು ಒಮ್ಮೆಯೂ ಕೈಯಲ್ಲಿ ಹಿಡಿದವಳಲ್ಲ. ತಯಾರಾಗುವಾಗಲೇ ಬೆಳ್ಳಗಿರುವ ಕೊಬ್ಬಿನ ಡ್ರಿಪ್‌ಗಳೂ ಇವೆ. ಆದರೆ ಯಾವ ಡ್ರಿಪ್‌ನಲ್ಲೂ ಚೂರು ಕಾಣಬಾರದು, ಕಂಡರೆ ಅದು ಮೈಯೊಳಗೆ ಹೋಗಬಾರದು. ಜೀವಮಾನವೆಲ್ಲ ಹಸು ಸಾಕಿದ ಮನುಷ್ಯನಿಗೆ ಬಿಳಿ ಬಣ್ಣದ ಮೇಲೆ ಅನುಮಾನವೇ ಹುಟ್ಟಿರಲಿಲ್ಲ.

ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದರು. ಮಾತಿನ ನಡುವೆ ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು.

“ಚಳಿ ಕಣಮ್ಮ. ಎ.ಸಿ. ಜೋರಾಗ್ ಬುಟ್ಟವ್ರೆ.”

“ಅಲ್ಲಿರೋ ಸಿಸ್ಟರ್ ಕೈಗೆ ಫೋನ್ ಕೊಡಿ ಭಾವ. ಈಗಲೇ.”

ಒಂದು ಹೆಣ್ಣು ದನಿ ಹಲೋ ಎಂದಿತು. “ಆ ಡ್ರಿಪ್ ನಿಲ್ಸಮ್ಮ. ಮೊದಲು ನಿಲ್ಸು, ಆಮೇಲೆ ಮಾತಾಡು,” ಎಂದೆ. ಆ ಕಡೆ ಫೋನ್ ಕೆಳಗಿಟ್ಟ ಸದ್ದಾಯಿತು. ಆಮೇಲೆ, “ನಿಲ್ಸಿದೆ ಮೇಡಂ. ನಾನು ಪವಿತ್ರ,” ಎಂದಳು.

ಪವಿತ್ರ ನಾಲ್ಕು ವರ್ಷದ ಹಿಂದೆ ಆರು ತಿಂಗಳು ನನ್ನ ಕೈಕೆಳಗೆ ತರಬೇತಿ ಪಡೆದಿದ್ದಳು. ಅರಕಲಗೂಡಿನವಳು. ಎಂಥ ಒಣಗಿದ ಕೈಯಲ್ಲೂ ಒಂದೇ ಚುಚ್ಚಿಗೆ ನಾಳ ಹಿಡಿಯುತ್ತಿದ್ದಳು. ಅಷ್ಟು ಜನರಲ್ಲಿ ನಾನು ಬಾಯಿ ತುಂಬ ಹೊಗಳಿ ಕಳಿಸಿದ್ದು ಅವಳೊಬ್ಬಳನ್ನೇ.

“ಯಾವುದರಲ್ಲಿ ಬೆರೆಸಿದೆ?”

“ನಾರ್ಮಲ್ ಸಲೈನ್ ಮೇಡಂ. ಡಾಕ್ಟ್ರು ಬರೆದಿರೋದು ಫೈವ್ ಪರ್ಸೆಂಟ್ ಗ್ಲೂಕೋಸ್. ಆದ್ರೆ ಇವತ್ತು ಇವರ ಶುಗರ್ ಇನ್ನೂರೆಂಬತ್ತು ಇತ್ತು. ಡಾಕ್ಟ್ರು ಊರಲ್ಲಿಲ್ಲ, ಫೋನೂ ಎತ್ತಲಿಲ್ಲ.” ಎಂದು ಒಂದೇ ಉಸಿರಿಗೆ ಹೇಳಿದಳು. “ಶುಗರ್ ಇರೋರಿಗೆ ಗ್ಲೂಕೋಸ್ ಬಾಟ್ಲು ಮುಟ್ಟಲೇಬೇಡ, ಸಲೈನ್ ಹಾಕು ಅಂತ ನೀವೇ ಹೇಳ್ಕೊಟ್ಟಿದ್ರಿ ಮೇಡಂ.”

ಹೌದು, ಅದು ನನ್ನದೇ ಮಾತು. ಆದರೂ ಬಾಯಿ ತನ್ನ ಪಾಡಿಗೆ ಕೆಲಸ ಮಾಡಿತು. ಬೇರೆ ಯಾರಿಗಾದರೂ ಹೀಗೆ ಬೆರೆಸಿದ್ದೀಯಾ ಎಂದು ಕೇಳಿದೆ. ಇಲ್ಲ, ಉಳಿದವರಿಗೆ ಶುಗರ್ ಇಲ್ಲ ಎಂದಳು. ಟ್ಯೂಬು ಕಳಚು, ಕೈಯಲ್ಲಿರುವ ಸೂಜಿ ಹಾಗೇ ಇರಲಿ, ಆಕ್ಸಿಜನ್ ಕೊಡು, ಆಂಬುಲೆನ್ಸ್ ಕರೆದು ಹಾಸನಕ್ಕೆ ಹೊರಡು, ಬಾಟಲಿ ಎಸೆಯಬೇಡ, ಜೊತೆಗೇ ತಾ ಎಂದೆ.

ಆ ಔಷಧವನ್ನು ಉಪ್ಪಿನಂಶವಿಲ್ಲದ ದ್ರಾವಣದಲ್ಲಿ, ಸಾಮಾನ್ಯವಾಗಿ ಗ್ಲೂಕೋಸ್‌ನಲ್ಲಿ ಮಾತ್ರ ಬೆರೆಸಬೇಕು. ಸಲೈನ್‌ಗೆ ಹಾಕಿದರೆ ಒಡೆಯಬಹುದು. ಔಷಧದ ಡಬ್ಬಿಯೊಳಗಿನ ಮಡಿಸಿದ ಚೀಟಿಯಲ್ಲಿ ಅದು ಅಚ್ಚಾಗಿತ್ತು. ಸೆಂಟರಿನಲ್ಲಿ ಅದನ್ನು ಬಿಡಿಸಿ ಓದಿದವರು ಯಾರೂ ಇರಲಿಲ್ಲ.

ನಾನು ಹಾಸನ ತಲುಪಿದಾಗ ನಾಲ್ಕೂವರೆ. ಭಾವನನ್ನು ಐ.ಸಿ.ಯು.ಗೆ ಸೇರಿಸಿದ್ದರು. ಮಾಸ್ಕಿನಲ್ಲಿ ಆಕ್ಸಿಜನ್ ಹೋಗುತ್ತಿದ್ದರೂ ರಕ್ತದಲ್ಲಿ ಅದರ ಮಟ್ಟ ಎಪ್ಪತ್ತೆಂಟು, ತೊಂಬತ್ತೈದರ ಮೇಲಿರಬೇಕಾದದ್ದು. ತುಟಿ ನೀಲಿಗಟ್ಟಿತ್ತು. ಚೂರುಗಳು ಶ್ವಾಸಕೋಶದ ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿಕೊಂಡಿರಬಹುದು ಎಂದರು ಡಾಕ್ಟರು. ವೆಂಟಿಲೇಟರಿಗೆ ಹಾಕುವ ಮುಂಚೆ ಭಾವ ಮಾಸ್ಕು ಸರಿಸಿ, “ಹಾಲ್ ಕರ್ಯೋ ಒತ್ತಾತು. ಸರೋಜಂಗೆ ಏಳಮ್ಮ,” ಎಂದರು. ಹೇಳ್ತೀನಿ ಎಂದೆ. ಅವರಾಡಿದ ಕೊನೆಯ ಮಾತು ಅದು. ಮೂರನೇ ದಿನ ಬೆಳಗ್ಗೆ ತೀರಿಕೊಂಡರು.

ಆ ಮೂರು ದಿನವೂ ಪವಿತ್ರ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಳು. ಸೆಂಟರಿನವರು ಮೊದಲ ದಿನವೇ ಬೀಗ ಜಡಿದು ಫೋನ್ ಆಫ್ ಮಾಡಿಕೊಂಡಿದ್ದರು. ಇವಳು ಓಡಿಹೋಗಲಿಲ್ಲ, ಬಾಟಲಿಯನ್ನು ತಾನೇ ಡಾಕ್ಟರ ಕೈಗೆ ಕೊಟ್ಟು ತಾನೇ ಬೆರೆಸಿದ್ದು ಎಂದು ಹೇಳಿದಳು. ಅವಳನ್ನು ನೋಡಿದರೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಾಚಿಕೆಯಾಯಿತು.

ವಿಚಾರಣೆ ನಡೆಯಿತು. ನನ್ನನ್ನು ಕರೆದದ್ದು ಫೋಟೋ ಮತ್ತು ಫೋನಿನ ವಿಷಯ ತಿಳಿಯಲು. ಅವರು ಕೇಳದಿದ್ದರೂ ನಾನು ಇನ್ನೊಂದು ಸಾಲು ಬರೆಸಿದೆ: ಶುಗರ್ ಇರುವವರಿಗೆ ಗ್ಲೂಕೋಸ್ ಬೇಡ, ಸಲೈನ್ ಹಾಕು ಎಂಬ ನಿಯಮವನ್ನು ಪವಿತ್ರಳಿಗೆ ಕಲಿಸಿದವಳು ನಾನು. ಅಧಿಕಾರಿ ಪೆನ್ನು ತಡೆದು, “ಇದು ಬೇಕಾ ಸಿಸ್ಟರ್?” ಎಂದರು. ಬೇಕು ಎಂದೆ. ಒಂದು ವರ್ಷದ ಮೇಲೆ ಅರಕಲಗೂಡಿನ ಬಸ್ಸಿನಲ್ಲಿ ಸೀಟಿನ ಬೆನ್ನಿಗೆ ಅಂಟಿಸಿದ್ದ ಒಂದು ಕರಪತ್ರ ಕಂಡೆ. ಸೆಂಟರಿನ ಹೆಸರು ಬೇರೆ, ರಕ್ತನಾಳದ ಚಿತ್ರ ಮಾತ್ರ ಅದೇ. ಕಿತ್ತು ಹರಿದು ಹಾಕಿದೆ. ಹಿಂದಿನ ಸೀಟಿನಲ್ಲೂ ಇನ್ನೊಂದಿತ್ತು.

ಸಕ್ಕರೆ ಕಾಯಿಲೆಯವರಿಗೆ ಸುಮ್ಮಸುಮ್ಮನೆ ಗ್ಲೂಕೋಸ್ ಏರಿಸಬಾರದು ಎಂಬುದು ನಿಜ. ಆದರೆ ಬೇಕಾದಾಗ ಶುಗರ್ ನೋಡಿಕೊಂಡು, ಇನ್ಸುಲಿನ್ ಜೊತೆ ಕೊಡಬಹುದು. ಕೊಡಲಾಗದಿದ್ದರೆ ಆ ದಿನದ ಔಷಧವನ್ನೇ ನಿಲ್ಲಿಸಬೇಕು, ಬಾಟಲಿ ಬದಲಿಸಬಾರದು. ಹೀಗೆ ಬಿಡಿಸಿ ಹೇಳಲು ನನಗೆ ಐದು ನಿಮಿಷ ಸಾಕಿತ್ತು. ವಾರ್ಡಿನ ಗಡಿಬಿಡಿಯಲ್ಲಿ ಗದರಿಸಿ ಕಲಿಸುವುದೇ ಸುಲಭವಾಗಿತ್ತು, ಹುಡುಗಿಯರೂ ಹೆದರಿ ನೆನಪಿಟ್ಟುಕೊಳ್ಳುತ್ತಿದ್ದರು. ಕಾರಣ ಹೇಳದೆ ಕಲಿಸಿದ ನಿಯಮ ನಾವಿಲ್ಲದ ಜಾಗದಲ್ಲೂ ಕೆಲಸ ಮಾಡುತ್ತದೆ ಎಂದು ವೃತ್ತಿ ನನಗೆ ಕಲಿಸಿದ್ದು ಹೀಗೆ. ಅಲ್ಲಿಂದಾಚೆಗೆ ಯಾರಿಗೂ ಕಾರಣ ಹೇಳದೆ ಒಂದು ಸೂಜಿ ಹಿಡಿಯುವುದನ್ನೂ ಕಲಿಸಲಿಲ್ಲ.

ಇದೆಲ್ಲಕ್ಕೂ ಮೊದಲು, ಭಾವನ ತಿಥಿ ಮುಗಿದ ದಿನ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ಅಕ್ಕ ಕೇಳಿದಳು. “ಆ ಉಡ್ಗಿಗೆ ಅಂಗ್ ಮಾಡು ಅಂತ ಏಳ್ಕೊಟ್ಟೋರ್ ಯಾರೇ? ಅವ್ರ ಮನೆ ಆಳಾಗ.”

“ನಾನೇ ಕಣಕ್ಕ,” ಎಂದೆ.

ಅಕ್ಕ ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಪಾತ್ರೆಯನ್ನು ಇಟ್ಟು, ಎದ್ದು ಕೊಟ್ಟಿಗೆಗೆ ಹೋದಳು. ಅದರ ಬಗ್ಗೆ ಆಮೇಲೆ ಒಂದು ಮಾತೂ ಆಡಲಿಲ್ಲ. ಈಗ ಅವಳಿಗೂ ಬಿ.ಪಿ. ಇದೆ. ತಿಂಗಳಿಗೊಮ್ಮೆ ಬಾಗೂರಿಗೆ ಹೋಗುತ್ತೇನೆ. ಊಟಕ್ಕೆ ಹಾಕುತ್ತಾಳೆ, ತಲೆಗೆ ಎಣ್ಣೆ ಒತ್ತುತ್ತಾಳೆ, ಹಸುಗಳ ಸುದ್ದಿ ಹೇಳುತ್ತಾಳೆ. ಬಿ.ಪಿ. ನೋಡಿಸಿಕೊಳ್ಳಲು ಮಾತ್ರ, ಯಂತ್ರ ನನ್ನ ಚೀಲದಲ್ಲೇ ಇದ್ದರೂ, ಚನ್ನರಾಯಪಟ್ಟಣದ ಬಸ್ಸು ಹತ್ತುತ್ತಾಳೆ.