ತೊಗರಿ ಗಡಿಗೆಯಲ್ಲಿಟ್ಟ ಪ್ರತಿ

ಈ ಕತೆಯನ್ನು ನಾನು ತುಂಬ ಸಲ ಹೇಳಿದ್ದೇನೆ. ತೊಂದರೆಯಾದದ್ದೂ ಅದರಿಂದಲೇ. ಎಂ.ಎ. ಓದುವಾಗ ನನ್ನ ಪ್ರಬಂಧದ ಟಿಪ್ಪಣಿಗಳೆಲ್ಲ ಹೋದವು, ಉದಗೀರದಲ್ಲಿ ಅಕ್ಕನ ಗಂಡನ ಟ್ರ್ಯಾಕ್ಟರಿನಲ್ಲಿ ಹಾಡು ಹಾಡುತ್ತಿದ್ದ ಪೆನ್‌ಡ್ರೈವಿನಿಂದ ಅವು ಮತ್ತೆ ಸಿಕ್ಕವು ಎಂದು ನಾನು ಹೇಳುತ್ತೇನೆ, ಕೇಳಿದವರು ನಗುತ್ತಾರೆ. ಹಾಗೇ ನಡೆಯಿತೇ ಎಂಬುದು ಈಗ ನನಗೆ ಖಾತ್ರಿಯಿಲ್ಲ. ಟ್ರ್ಯಾಕ್ಟರ್ ಇತ್ತು, ಹಾಡೂ ಇತ್ತು, ಪೆನ್‌ಡ್ರೈವೂ ಇತ್ತು. ಆದರೆ ಅವನ್ನೆಲ್ಲ ಕೂಡಿಸಿ ಹೊಲಿದವನು ನಾನೇ ಇರಬಹುದು. ಹೇಳುವಾಗ ಎಲ್ಲಿ ಜನ ನಗುತ್ತಾರೋ ಅಲ್ಲಿ ನೆನಪು ಗಟ್ಟಿಯಾಗುತ್ತದೆ, ಎಲ್ಲಿ ಆಕಳಿಸುತ್ತಾರೋ ಅಲ್ಲಿ ಸವೆಯುತ್ತದೆ. ಇಷ್ಟು ವರ್ಷದಲ್ಲಿ ಏನೇನು ಸವೆದು ಹೋಗಿದೆಯೋ ನಾನರಿಯೆ.

ನನ್ನ ಪ್ರಬಂಧದ ವಿಷಯ ಹಳೆಯ ಬಾವಿಗಳು. ಮರಾಠಿ ಸೀಮೆಯ ಗಡಿಯ ಉಮರ್ಗಾ, ನಿಲಂಗಾ ತಾಲೂಕುಗಳಲ್ಲಿ ಊರೂರು ಅಲೆದು, ಮೆಟ್ಟಿಲ ಬಾವಿಗಳಿಗೆ ಇಳಿದು, ಅಳತೆ ತೆಗೆದು, ಫೋಟೊ ಹೊಡೆದು, ದಂಡೆಯ ಮೇಲೆ ಕೂತ ಹಿರಿಯರು ಹೇಳಿದ್ದನ್ನು ಬರೆದುಕೊಂಡು ಕಂಪ್ಯೂಟರಿಗೆ ಏರಿಸಿದ್ದೆ. ಅವರು ಒಂದು ವಾಕ್ಯವನ್ನು ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸುತ್ತಿದ್ದರು, ನಾನೂ ಹಾಗೇ ಟೈಪ್ ಮಾಡಿದ್ದೆ. ಗುಂಜೋಟಿಯ ಹತ್ತಿರದ ನಮ್ಮ ಮೂಲ ಊರಿನ ಬಾವಿಯೂ ಅದರಲ್ಲಿತ್ತು. ನಾನು ಅಳತೆ ಮಾಡಿ ಬಂದ ಮೇಲೆ ಮಳೆಗಾಲ ಮುಗಿಯುತ್ತಲೇ ರಸ್ತೆ ಅಗಲ ಮಾಡುವವರು ಅದಕ್ಕೆ ಮಣ್ಣು ಸುರಿದು ಮುಚ್ಚಿಬಿಟ್ಟರು. ಮುರುಮ ಊರಿನ ಕಡೆ ನನಗೆ ಬಾವಿಯ ಹಾಡು, ಹಳೆಯ ಸಂಗತಿಗಳನ್ನೆಲ್ಲ ಹೇಳಿದ ಮುದುಕ ತೀರಿಕೊಂಡಿದ್ದ. ಟಿಪ್ಪಣಿ ಕಳೆದರೆ ಮತ್ತೆ ಹೋಗಿ ಬರೆದುಕೊಂಡು ಬರೋಣವೆನ್ನುವಂತಿರಲಿಲ್ಲ.

ಆದ್ದರಿಂದ ನಾನು ಜಾಗರೂಕನಾಗಿದ್ದೆ. ಮೂಲ ನನ್ನ ಲ್ಯಾಪ್‌ಟಾಪಿನಲ್ಲಿ. ಒಂದೇ ಅಂಗಡಿಯಲ್ಲಿ ಕೊಂಡ ಒಂದೇ ಬಗೆಯ ಮೂರು ಕರಿ ಪೆನ್‌ಡ್ರೈವುಗಳಲ್ಲಿ ಮೂರು ಪ್ರತಿ. ಇಂಟರ್‌ನೆಟ್ಟಿನಲ್ಲಿ ಇಡಬಹುದೆಂದು ಕೇಳಿದ್ದೆ. ಆದರೆ ಉಮರ್ಗಾದ ನಮ್ಮ ಮನೆಯಲ್ಲಿ ಒಂದು ಫೋಟೊ ಏರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಮೂರೂ ಪ್ರತಿ ಒಂದೇ ಮನೆಯಲ್ಲಿರಬಾರದು ಎಂದು ಕಂಪ್ಯೂಟರ್ ಕಲಿಸುವವರು ಹೇಳಿದ್ದರು. ಎಲ್ಲಿಡಬೇಕೆಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಒಂದನ್ನು ನಾನಿಟ್ಟುಕೊಂಡೆ, ಉಳಿದೆರಡು ನಮ್ಮ ಬೀಜ ಹೋಗುವ ಎರಡು ಮನೆಗಳಿಗೆ ಹೋದವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಬಳಗದಲ್ಲಿ ಒಂದು ಮನೆಯ ಬೀಜ ಆ ಮನೆಯಲ್ಲಿ ಮಾತ್ರ ಇರುವುದಿಲ್ಲ. ರಾಶಿಯಾದ ಮೇಲೆ ನಮ್ಮ ತೊಗರಿಯಲ್ಲಿ ಒಂದು ಪಾಲು ನಿಲಂಗಾದ ಸೋದರತ್ತೆಯ ಮನೆಗೆ, ಒಂದು ಪಾಲು ಉದಗೀರದ ಅಕ್ಕನ ಮನೆಗೆ. ಅವರವರದೂ ಹಾಗೇ ಉಳಿದೆರಡು ಮನೆಗಳಿಗೆ. ಒಬ್ಬರ ಗಡಿಗೆಗೆ ಹುಳ ಬಿದ್ದರೆ ಇನ್ನೊಬ್ಬರಿಂದ ತಂದು ಬಿತ್ತಬೇಕು. ಬೀಜವನ್ನು ಬೂದಿ, ಬೇವಿನೆಲೆ ಕಲೆಸಿ ಗಡಿಗೆಗೆ ತುಂಬಿ, ಬಾಯಿಗೆ ಸೆಗಣಿ ಮಣ್ಣು ಮೆತ್ತುತ್ತಾರೆ. ಅದನ್ನು ತೆರೆಯುವುದು ಮಿರಗದ, ಎಂದರೆ ಮೃಗಶಿರದ, ಮಳೆ ಬಂದ ಮೇಲೆಯೇ. ನಡುವೆ ಬಾಯಿ ಬಿಚ್ಚಿದ ಗಡಿಗೆಯನ್ನು ಬಿತ್ತುವಂತಿಲ್ಲ, ಮತ್ತೆ ಮುಚ್ಚುವಂತಿಲ್ಲ. ಒಡೆದು ಬೇಳೆ ಮಾಡಿ ತಿಂದುಬಿಡಬೇಕು.

ಅತ್ತೆಯ ಕೈಗೆ ಪೆನ್‌ಡ್ರೈವ್ ಕೊಟ್ಟದ್ದು ಎಳ್ಳಮಾಸಿಯ, ಎಂದರೆ ಎಳ್ಳಮಾವಾಸ್ಯೆಯ ದಿನ, ಅವರ ಹೊಲದಲ್ಲಿ. ಎಲ್ಲರೂ ಗುಡಿಸಲ ಮುಂದೆ ಕೂತು ಭಜ್ಜಿ, ರೊಟ್ಟಿ, ಅಂಬಲಿ ಉಣ್ಣುತ್ತಿದ್ದೆವು. ದೇವಣಿ ತಳಿಯ ಎತ್ತುಗಳನ್ನು ಅವತ್ತು ಬಿಡುವಾಗಿ ಕಟ್ಟಿದ್ದರು. ನಾನು ಅದನ್ನು ಅವಳ ಅಂಗೈಗಿಟ್ಟು ಎಚ್ಚರಿಕೆ ಹೇಳಿದೆ. ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆ ಗಂಟು ನನಗೆ ಸ್ಪಷ್ಟವಾಗಿ ನೆನಪಿದೆ. ಇದಿಷ್ಟರ ಮೇಲೆ ನನಗೆ ಅನುಮಾನವಿಲ್ಲ.

ಬೇಸಿಗೆ ಬಂತು. ಪ್ರಬಂಧ ಒಪ್ಪಿಸುವ ದಿನ ಹತ್ತಿರವಾಗಿತ್ತು. ನನ್ನ ಪೆನ್‌ಡ್ರೈವ್ ಹಿಡಿದು ಝೆರಾಕ್ಸ್ ಅಂಗಡಿಗೆ ಒಂದೆರಡು ಪುಟ ಪ್ರಿಂಟ್ ತೆಗೆಸಲು ಹೋದೆ. ಅವರ ಕಂಪ್ಯೂಟರಿನ ವೈರಸ್ ಹತ್ತಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕೂತವು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಅಂಗಡಿಯಾತ ಉಪಕಾರ ಮಾಡಿದ್ದ. "ಫಾರ್ಮ್ಯಾಟ್ ಹೊಡದೀನಿ ಸರ್, ಈಗ ಬಿಲ್ಕುಲ್ ಸಾಫ್ ಅದ" ಎಂದ. ಇರಲಿ, ಮೂಲ ಇದೆಯಲ್ಲ ಎಂದು ಮನೆಗೆ ಬಂದು ಲ್ಯಾಪ್‌ಟಾಪ್ ಒತ್ತಿದೆ. ಒಳಗಿನಿಂದ ಅಡಕೊತ್ತಿನ ಹಾಗೆ ಕಟ್ ಕಟ್ ಎಂಬ ಸದ್ದು. ರಿಪೇರಿಯವನು ಕಿವಿಗಿಟ್ಟು ಕೇಳಿ ತಲೆ ಆಡಿಸಿದ. ಹಾರ್ಡ್‌ಡಿಸ್ಕ್ ಸತ್ತಿತ್ತು.

ಮರುದಿನ ನಿಲಂಗಾದ ಬಸ್ ಹತ್ತಿದೆ. ಅತ್ತೆ ಅಂಗಳದಲ್ಲಿ ಹಳೇ ಧೋತರ ಹಾಸಿ ಸಂಡಿಗೆ ಇಡುತ್ತಿದ್ದಳು.

"ಅತ್ತಿ, ಆ ಕರೀ ಪೆನ್‌ಡ್ರೈವ್ ಕೊಡು, ಝಟ್."

"ಅದಾ? ಗಡಗ್ಯಾಗ ಅದ."

"ಯಾವ ಗಡಗ್ಯಾಗ?"

"ತೊಗರಿ ಗಡಗ್ಯಾಗ. ನೀನೇ ಅಂದಿದ್ದೆಲ್ಲೋ ತಮ್ಮಾ, ನೀರು ತಾಕಬಾರ್ದು, ಹುಳ ಮುಟ್ಟಬಾರ್ದು, ಹುಡುಗ್ರ ಕೈಗೆ ಸಿಗಬಾರ್ದು ಅಂತ? ಮನ್ಯಾಗ ಅಂಥಾ ಜಾಗಾ ಮತ್ತ ಯಾವ್ದದ, ತೋರ್ಸು."

ನನಗೆ ನಗು ಬರಲಿಲ್ಲ. ಇವತ್ತು ಬರುತ್ತದೆ. ನಾನು ಹೇಳಿದ ಷರತ್ತುಗಳನ್ನೆಲ್ಲ ಪೂರೈಸುವ ಜಾಗ ಆ ಮನೆಯಲ್ಲಿ ನಿಜಕ್ಕೂ ಅದೊಂದೇ ಇತ್ತು.

"ಹಂಗಾದ್ರ ಗಡಗಿ ಬಾಯಿ ಬಿಚ್ಚು."

"ಮಿರಗ ಬರ್ಲಿ."

"ಮಿರಗ ಬರೂದ್ರಾಗ ನನ್ನ ವರ್ಷ ಹೋಗ್ತದ ಅತ್ತಿ."

"ನಿನ್ನ ವರ್ಷ ಹೋದ್ರ ಮುಂದಿನ ವರ್ಷ ಬರೀತಿ. ಬೀಜ ಹೋದ್ರ ಏನ್ ಬಿತ್ತಲಿ, ನಿನ್ನ ಪುಸ್ತಕ ಬಿತ್ತಲಾ?"

"ಪ್ಯಾಟ್ಯಾಗ ತೊಗರಿ ಸಿಗಂಗಿಲ್ಲೇನು? ನಾ ತಂದು ಕೊಡ್ತೀನಿ."

"ಪ್ಯಾಟಿ ತೊಗರಿ ಬ್ಯಾಳಿ ಆಗ್ತದ, ಬೀಜ ಆಗಂಗಿಲ್ಲ."

ಇದೆಲ್ಲ ಮೂಢನಂಬಿಕೆ ಎಂದು ನಾನು ಕೂಗಾಡಿದೆ. ವಿಶ್ವವಿದ್ಯಾಲಯದಲ್ಲಿ ಕಲಿತ ಕೆಲವು ಮಾತುಗಳನ್ನೂ ಬಳಸಿದೆ. ಅವಳು ಕೈಯ ಹಿಟ್ಟು ಒರೆಸಿಕೊಂಡು, "ಹೌದೇನು? ಇರ್ಲಿ, ಉಣ್ಣಲಾಕ ಬಾ. ಊಟಕ್ಕ ನಂಬಿಕಿ ಬೇಕಾಗಂಗಿಲ್ಲ" ಎಂದಳು.

ಉಣ್ಣುವಾಗ ಅವಳು ಇನ್ನೊಂದು ಮಾತು ಕೇಳಿದಳು ಎಂದು ನನ್ನ ನೆನಪು. "ಅಷ್ಟು ಬಡ್ಕೋಲಾಕ ಅದ್ರಾಗ ಏನದನೋ?"

"ಬಾವಿ ಅವ. ನಮ್ಮ ಊರ ಬಾವಿನೂ ಅದ. ಈಗ ಮುಚ್ಯಾರಲ್ಲ, ಅದು."

"ನಮ್ಮ ಬಾವಿನಾ? ಅದ್ರಾಗ ಹ್ಯಾಂಗ ಹಿಡೀತು?"

ನಮ್ಮ ಊರೇ ಅವಳ ತವರು. ಹುಡುಗಿಯಾಗಿದ್ದಾಗ ಅವಳು ಕೊಡ ತುಂಬಿದ್ದು ಅದೇ ಬಾವಿಯಲ್ಲಿ. ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಈ ಮಾತು ಅವತ್ತೇ ನಡೆಯಿತೋ, ಆಮೇಲೆ ಯಾವಾಗಲಾದರೂ ನಡೆದದ್ದನ್ನು ನಾನು ಇಲ್ಲಿಗೆ ತಂದು ಸೇರಿಸಿದೆನೋ ಅದನ್ನೂ ಹೇಳಲಾರೆ. ಮೆತ್ತಿದ ಬಾಯಿಯ ಆ ಗಡಿಗೆ ಅಡಿಗೆಮನೆಯ ಮೂಲೆಯಲ್ಲಿ ಹಾಗೇ ಕೂತಿತ್ತು. ಅದನ್ನು ನೋಡುತ್ತಲೇ ಕೈ ತೊಳೆದು ಉದಗೀರದ ಬಸ್ ಹಿಡಿದೆ.

ಉದಗೀರದಲ್ಲಿ ಅಕ್ಕನ ಗಂಡ, ನಮ್ಮ ಕಡೆಯ ಮಾತಿನಲ್ಲಿ ದಾಜಿ, ಟ್ರ್ಯಾಕ್ಟರ್ ಮೇಲೆ ಕೂತೇ ಸ್ವಾಗತಿಸಿದರು. ಹಾಡು ಓಣಿಯ ಕೊನೆಗೂ ಕೇಳುತ್ತಿತ್ತು. ಟೇಪಿನ ಬಾಯಿಗೆ ಸಿಕ್ಕಿಸಿದ್ದ ಕರಿ ಪೆನ್‌ಡ್ರೈವ್ ನನ್ನದೇ.

"ದಾಜಿ, ಇದ್ರಾಗಿನ ನನ್ನ ಫೈಲು ಎಲ್ಲವ?"

"ಸಾಹೇಬ, ನಿನ್ನ ಬಾವಿಗೋಳಿಗಿ ಹಾಡ್ಲಾಕ ಬರಂಗಿಲ್ಲ. ಟೇಪ್ ಬರೇ ಸುಮ್ಮ ಕೂಡ್ತಿತ್ತು. ಅದಕ್ಕ ತೆಗದು ಹಾಡು ತುಂಬಸೀನಿ."

ಅಕ್ಕ ಒಳಗಿನಿಂದ ಲಟ್ಟಣಿಗೆ ಹಿಡಿದೇ ಬಂದಳು. "ಅಂವಾ ಜೀವಾ ತೇಯ್ದು ಬರದಾನ, ನೀವು ಹಾಡು ತುಂಬಸೀರಿ? ಮೊದ್ಲು ಆ ಡಬ್ಬಿ ಬಂದ್ ಮಾಡ್ರಿ!"

"ಅಗಾ ಬಾಯಿ, ಪೂರ್ತಿ ಕೇಳು. ಬಿಸಾಕಿಲ್ಲ ನಾ. ದೋಸ್ತನ ಕಂಪ್ಯೂಟರ್‌ದಾಗ ಇಡಸೀನಿ. ತೆಗಸಿ ಬಸ್ಸಿಗಿ ಹಾಕಿ ಕಳಸ್ತೀನಿ. ನೀ ಊರಿಗಿ ಹೋಗಿ ತಣ್ಣಗ ಮಕ್ಕೋ."

ನಾನು ಊರಿಗೆ ಹೋದೆ, ತಣ್ಣಗೆ ಮಲಗಲಿಲ್ಲ. ನಮ್ಮ ಓಣಿಯ ಕಂಡಕ್ಟರ್ ಒಬ್ಬರು ಉದಗೀರ–ಉಮರ್ಗಾ ಬಸ್ಸಿನಲ್ಲಿದ್ದರು. ಬಸ್ ನಿಲಂಗಾದ ಮೇಲೆಯೇ ಬರುತ್ತದೆ. ಬೀಗರ ಮನೆಯ ಉಪ್ಪಿನಕಾಯಿಯಿಂದ ಹಿಡಿದು ಆಸ್ಪತ್ರೆಯ ಎಕ್ಸ್‌ರೇವರೆಗೆ ಎಲ್ಲ ಅವರ ಚೀಲದಲ್ಲೇ ಬರುತ್ತಿತ್ತು. ಒಂದು ಸಂಜೆ ನಾನು ಹೊರಗಿನಿಂದ ಬಂದಾಗ ಅವ್ವ ಪ್ಲಾಸ್ಟಿಕ್ಕಿನ ಪುಟ್ಟ ಪೊಟ್ಟಣ ಕೈಗಿಟ್ಟು, "ಕಂಡಕ್ಟರ್ ಕೊಟ್ಟು ಹೋಗ್ಯಾರ ನೋಡ್" ಎಂದಳು. ಒಳಗೆ ಕರಿ ಪೆನ್‌ಡ್ರೈವ್. ಅದರ ಬಾಯಿಯಲ್ಲಿ ಧೂಳಿತ್ತು, ಊದಿದೆ. ಗೆಳೆಯನ ಮನೆಗೆ ಓಡಿ ಅವನ ಕಂಪ್ಯೂಟರಿಗೆ ಚುಚ್ಚಿದೆ. ಒಂದೊಂದೇ ಬಾವಿ ಪರದೆಯ ಮೇಲೆ ತೆರೆದುಕೊಂಡಿತು.

ದಾಜಿ ಕಳಿಸಿದ್ದಾರೆ ಎಂದುಕೊಂಡೆ. ಬೇರೆ ಏನೂ ಅಂದುಕೊಳ್ಳಲು ಕಾರಣವಿರಲಿಲ್ಲ. ಪ್ರಬಂಧ ವೇಳೆಗೆ ಸರಿಯಾಗಿ ಹೋಯಿತು. ಅಲ್ಲಿಂದ ಮುಂದೆ ಟ್ರ್ಯಾಕ್ಟರಿನ ಕತೆ ಶುರುವಾಯಿತು.

ಈಗ ನನ್ನ ಫೋನು ತಾನೇ ಎಲ್ಲವನ್ನೂ ಎಲ್ಲೋ ಇಟ್ಟುಕೊಳ್ಳುತ್ತದೆ. ಎಲ್ಲಿ ಇಟ್ಟಿದೆಯೆಂದು ನನಗೆ ಗೊತ್ತಿಲ್ಲ, ಅಲ್ಲಿ ಯಾರೂ ನನ್ನನ್ನು ಉಣ್ಣಲು ಕರೆಯುವುದಿಲ್ಲ. ಆಗ ಒಂದು ಪ್ರತಿಯನ್ನು ಹೊಸದು ಮಾಡಬೇಕಾದರೆ ಸರಕಾರಿ ಎಸ್‌ಟಿ ಬಸ್ಸಿನ ಕಿಟಕಿಯ ಬಿಸಿಗಾಳಿ ತಿಂದು ಹೋಗಬೇಕಿತ್ತು, ಚಹಾ ಕುಡಿಯಬೇಕಿತ್ತು, ಇನ್ನೊಂದು ದಿನ ಇರು ಅನ್ನುವವರ ಕೈ ಬಿಡಿಸಿಕೊಂಡು ಬರಬೇಕಿತ್ತು. ಹಾಗೆ ಬರುವಾಗ ಚೀಲದಲ್ಲಿ ಕಡಲೆ ಗಿಡವೋ ಹುರಿದ ಶೇಂಗಾವೋ ಇರುತ್ತಿತ್ತು. ಆ ಸುತ್ತಾಟವನ್ನು ನಾನು ಕೆಲಸವೆಂದೇ ತಿಳಿದಿದ್ದೆ.

ಹೋದ ಬೇಸಿಗೆ ಉದಗೀರದಲ್ಲಿ ಅಕ್ಕನ ಮಗಳಿಗೆ ಅದೇ ಕತೆ ಹೇಳುತ್ತಿದ್ದೆ. ದಾಜಿ ಮೂಲೆಯಲ್ಲಿ ಕೂತು ಮೀಸೆಯಲ್ಲೇ ನಗುತ್ತಿದ್ದರು.

"ಯಾಕ ದಾಜಿ?"

"ಖರೆ ಹೇಳ್ಲಾ? ನಾ ಏನೂ ಕಳಸಿಲ್ಲ. ದೋಸ್ತನ ಕಂಪ್ಯೂಟರ್ ಅವತ್ತೇ ಕೆಟ್ಟು ಕೂತಿತ್ತು. ನಿನಗ ಎಲ್ಲೋ ಸಿಕ್ಕದ ಅಂತ ಸುಮ್ನಾದೆ."

"ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

"ಊರ ತುಂಬ ನನ್ನ ಟ್ರ್ಯಾಕ್ಟರ್ ಹೊಗಳ್ಕೋತ ತಿರಗ್ಲಾಕತ್ತಿದ್ದಿ. ಬ್ಯಾಡ ಅನ್ಲಾಕ ನನಗೇನ್ ಹುಚ್ಚ ಹಿಡದಿತ್ತಾ?"

ವಾಪಸು ಬರುವಾಗ ನಿಲಂಗಾದಲ್ಲಿ ಇಳಿದೆ. ಅತ್ತೆಗೆ ಈಗ ವಯಸ್ಸಾಗಿದೆ, ದನಿ ಮಾತ್ರ ಹಾಗೇ ಇದೆ. ಆ ಪೆನ್‌ಡ್ರೈವ್ ಕಳಿಸಿದ್ದು ನೀನೇನು ಎಂದು ನೇರವಾಗಿ ಕೇಳಿದೆ.

"ಮಿರಗಕ್ಕ ಮೊದ್ಲು ನಾ ಎಂದೂ ಗಡಗಿ ಬಾಯಿ ಬಿಚ್ಚಿದಾಕಿ ಅಲ್ಲ. ಬೇಕಾದ್ರ ಬರಕೋ" ಎಂದಳು. ಸೊಸೆ ಪಕ್ಕದಲ್ಲೇ ಇದ್ದಳು. ಸೊಸೆಯ ಎದುರಿಗೆ ಅವಳು ಬೇರೇನು ಹೇಳಿಯಾಳು ಎಂದೂ ಯೋಚಿಸಿದೆ. ಅಥವಾ ಅದೇ ನಿಜವಿರಬಹುದು. ಮಾತು ಬದಲಿಸಲು ಫೋನಿನಲ್ಲಿ ನಮ್ಮ ಊರ ಬಾವಿಯ ಫೋಟೊ ತೆಗೆದು ತೋರಿಸಿದೆ. ಅವಳು ಬಗ್ಗಿ ನೋಡಿ, "ಇಲ್ಲೇ ನೋಡು ನಾ ಕೊಡಾ ಸಮೇತ ಜಾರಿದ್ದು" ಎಂದು ಒಂದು ಮೆಟ್ಟಿಲ ಮೇಲೆ ಬೆರಳಿಟ್ಟಳು. ಬೆರಳು ತಾಗಿ ಫೋಟೊ ಸರಿದುಹೋಯಿತು. "ಎಲ್ಲಿ ಹೋಯ್ತು? ತಾ ಹೊಳ್ಳಿ" ಎಂದಳು. ನಾನು ತಂದುಕೊಟ್ಟೆ. ಅವಳು ಆಮೇಲೆ ಬಹಳ ಹೊತ್ತು ಅದನ್ನು ಮುಟ್ಟದೆ ನೋಡಿದಳು.

ಉಮರ್ಗಾದಲ್ಲಿ ಅವ್ವನನ್ನು ಕೇಳಿದೆ. ಪೊಟ್ಟಣ ಎಲ್ಲಿಂದ ಬಂತೋ ಅವಳಿಗೆ ನೆನಪಿಲ್ಲ. ಆ ಬೇಸಿಗೆ ನಿಲಂಗಾದಿಂದ ಬೇಳೆ ಬಂದಿತ್ತು, ಹೊತ್ತಲ್ಲದ ಹೊತ್ತಿನಲ್ಲಿ ಅತ್ತೆ ಯಾಕೆ ಕಳಿಸಿದಳೋ ಎನ್ನಿಸಿತ್ತು, ಅಷ್ಟೇ ಎಂದಳು. ಆ ಬೇಳೆಯಲ್ಲಿ ಬೇವಿನ ಸಣ್ಣ ಕಹಿ ಇತ್ತು ಎಂದು ಬರೆಯಲು ನನಗೆ ಆಸೆ. ಆದರೆ ಆ ಕಹಿ ಅವ್ವ ಹೇಳಿದ ಮೇಲೆ ನನ್ನ ನಾಲಗೆಗೆ ಬಂದದ್ದು, ಮೊದಲು ಇರಲಿಲ್ಲ. ಪೊಟ್ಟಣ ತಂದ ಕಂಡಕ್ಟರನ್ನು ಕೇಳೋಣವೆಂದರೆ ಅವರು ನಿವೃತ್ತರಾಗಿ ಮಗನ ಊರು ಸೇರಿದ್ದಾರೆ. ಪೆನ್‌ಡ್ರೈವಿನ ಬಾಯಿಯಲ್ಲಿ ಇದ್ದದ್ದು ಧೂಳೋ ಬೂದಿಯೋ ಹೇಗೆ ಹೇಳಲಿ? ಊದಿಬಿಟ್ಟೆನಲ್ಲ.

ಆಮೇಲೆ ಒಂದು ಯೋಚನೆ ಹೊಳೆಯಿತು. ಅತ್ತೆ ಆ ಗಡಿಗೆ ತೆರೆದಿದ್ದರೆ ಅದನ್ನು ಬಿತ್ತಿರಲಾರಳು. ತನ್ನ ಬೀಜ ಇಟ್ಟ ಇನ್ನೊಂದು ಮನೆಯಿಂದ ತರಿಸಿರಲೇಬೇಕು. ನಮ್ಮ ಮನೆಯಿಂದ ಹೋಗಿಲ್ಲ ಎಂದು ಅವ್ವ ಖಂಡಿತವಾಗಿ ಹೇಳಿದಳು. ಅಕ್ಕನಿಗೆ ಫೋನ್ ಮಾಡಿದೆ, ಅತ್ತೆಗೆ ಎಂದಾದರೂ ಬಿತ್ತಲು ತೊಗರಿ ಕಳಿಸಿದ್ದಿರೇನು ಎಂದು ಕಾರಣ ಹೇಳದೆ ಕೇಳಿದೆ. "ಹೂಂ, ಒಂದೇ ವರ್ಷ ಕಳಸಿದ್ವಿ. ನಾ ಬಾಣಂತಿ ಇದ್ದೆ, ನಿಮ್ಮ ದಾಜಿನೇ ಬಸ್ಸಿಗಿ ಹಾಕಿ ಬಂದ್ರು. ಗಡಗಿ ಸೀಳ್ಯದ ಅಂತ ಅತ್ತಿ ಹೇಳಿ ಕಳಸಿದ್ಳು" ಎಂದಳು. ಅವಳ ಮಗಳು ಹುಟ್ಟಿದ್ದು ನಾನು ಪ್ರಬಂಧ ಒಪ್ಪಿಸಿದ ವರ್ಷ. ಸಂಜೆ ದಾಜಿಯನ್ನು ಬೇರೆಯಾಗಿ ಕೇಳಿದೆ. ಅವರೂ ಅದೇ ವರ್ಷ ಹೇಳಿದರು, ಚೀಲ ಹೋದದ್ದು ನಮ್ಮ ಓಣಿಯ ಅದೇ ಕಂಡಕ್ಟರ ಬಸ್ಸಿನಲ್ಲಿ ಎಂದೂ ಹೇಳಿದರು. ಆ ವರ್ಷದ ಮಿರಗದಲ್ಲಿ ಅತ್ತೆಯ ಹೊಲಕ್ಕೆ ಬಿದ್ದದ್ದು ಉದಗೀರದಲ್ಲಿ ಅಕ್ಕ ಕಾಪಿಟ್ಟಿದ್ದ ತೊಗರಿ.