ಮರ್ಲ್ ಹಾಗೆನ್ನನ ಐನೂರು ಕುರ್ಚಿಗಳು

ಮಿನೆಸೋಟಾದ ಬಡಗಣ ತುದಿಯ ಒಂದು ವಿಶ್ವವಿದ್ಯಾಲಯದಲ್ಲಿ ಮರ್ಲ್ ಹಾಗೆನ್ ಎಂಬ ಮೇಷ್ಟ್ರಿದ್ದ. ಹೇಳುತ್ತಿದ್ದುದು ಭೂವಿಜ್ಞಾನ. ಕಲ್ಲಿನ ಪಾಠ ಹೇಳಿ ಹೇಳಿ ತಾನೂ ಕಲ್ಲಾಗಿದ್ದನೋ, ಹುಟ್ಟಾ ಕಲ್ಲಾಗಿದ್ದಕ್ಕೇ ಆ ಪಾಠ ಹಿಡಿದಿದ್ದನೋ, ದೇವರೇ ಬಲ್ಲ. ಐನೂರು ಕುರ್ಚಿಯ ಹಾಲ್, ಬೆಳಿಗ್ಗೆ ಎಂಟರ ತರಗತಿ. ಎದೆಗೆ ಮೈಕು ಸಿಕ್ಕಿಸಿಕೊಂಡು, ಮಕ್ಕಳಿಗೆ ಬೆನ್ನು ತೋರಿಸಿ, ಪರದೆಯ ಮೇಲಿದ್ದುದನ್ನೇ ಗಟ್ಟಿಯಾಗಿ ಓದುವುದಕ್ಕೆ ಅವನು ಪಾಠ ಎನ್ನುತ್ತಿದ್ದ. ಓದಬಲ್ಲವರಿಗೆ ಓದಿ ಹೇಳಿ ಸಂಬಳ ಎಣಿಸುವ ಪುಣ್ಯ ಎಷ್ಟು ಜನಕ್ಕುಂಟು?

ಇಷ್ಟಾದರೂ ದೂರು ಮಾತ್ರ ಮಕ್ಕಳ ಮೇಲೆ. ಮಧ್ಯಾಹ್ನ ಸ್ಯಾಂಡ್‌ವಿಚ್ ಕಚ್ಚುತ್ತ, "ಈಗಿನವಕ್ಕೆ ಪಾಠ ಹೇಳೋದು ಗೋರ್ಕಲ್ಲ ಮೇಲೆ ಮಳೆ ಹೊಯ್ದಂಗೆ ಕಣ್ರಯ್ಯ" ಎಂದು ನಿಟ್ಟುಸಿರು ಬಿಡುತ್ತಿದ್ದ.

ಆ ಜನವರಿಯಲ್ಲಿ ವಿಭಾಗದ ಮುಖ್ಯಸ್ಥೆ ಲೊರೇನ್ ಸ್ಕೋಗ್ ಅವನನ್ನು ಕರೆಸಿದಳು. "ಮರ್ಲ್, ನಿನ್ನ ಕೆಲಸ ವರ್ಷ ವರ್ಷದ ಕರಾರು, ನೆನಪಿದೆ ತಾನೆ? ಗುರುವಾರ ನಾನೇ ಬಂದು ಕೂರ್ತೀನಿ. ಮಕ್ಕಳು ಬಾಯಿ ಬಿಡಬೇಕು. ಇಲ್ದಿದ್ರೆ ಈ ಸಲ ನಾನು ಸಹಿ ಹಾಕಲ್ಲ."

"ಬಾಯಿ ತಾನೆ? ಬಿಡಿಸ್ತೀನಿ ಬಿಡು" ಎಂದ, ಹಲ್ಲಿನ ಡಾಕ್ಟರನಂತೆ.

ಅವನ ಉಪಾಯ ಎಲ್ಲ ಮೇಷ್ಟ್ರುಗಳೂ ಮಾಡುವಂಥದೇ: ಪ್ರಶ್ನೆ ಹಾಕುವುದು, ಪಕ್ಕದವರೊಡನೆ ಮಾತಾಡಿ ಎನ್ನುವುದು. ಆದರೆ ಇಪ್ಪತ್ತು ವರ್ಷ ಪರದೆಯನ್ನೇ ನೋಡಿದವನಿಗೆ ಮಕ್ಕಳು ಕೂರುವ ಬಗೆ ಎಲ್ಲಿ ತಿಳಿಯಬೇಕು! ಗುರುತಿಲ್ಲದವರ ಮಗ್ಗುಲಿಗೆ ಅಲ್ಲಿ ಯಾರೂ ಕೂರುವುದಿಲ್ಲ. ನಡುವೆ ಒಂದು ಕುರ್ಚಿ ಖಾಲಿ ಬಿಡುವುದೇ ಮರ್ಯಾದೆ. ಚಳಿಗಾಲದಲ್ಲಂತೂ ಆ ಕುರ್ಚಿಯಲ್ಲಿ ಹತ್ತಿಮೂಟೆಯಂಥ ಕೋಟು ಕಾಲು ಚಾಚಿರುತ್ತದೆ.

ಗುರುವಾರ ಲೊರೇನ್ ಹಿಂದಿನ ಸಾಲಿನಲ್ಲಿ ಕೂತಳು. ಮರ್ಲ್ ಪ್ರಶ್ನೆ ಹಾಕಿದ: "ಸರೋವರದ ದಂಡೆ ಕಲ್ಲು ಕಪ್ಪಗಿರೋದು ಯಾಕೆ? ಪಕ್ಕದವ್ರ ಹತ್ರ ಮಾತಾಡಿ."

ಮಕ್ಕಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿದರು. ಆಮೇಲೆ ನಡುವಿನಿಂದ ಉಣ್ಣೆಟೋಪಿಯ ಹುಡುಗಿಯೊಬ್ಬಳು ಕೂಗಿದಳು: "ಪ್ರೊಫೆಸರ್, ನನ್ನ ಪಕ್ಕ ಇರೋದು ನನ್ನ ಕೋಟು. ಅದನ್ನೇ ಕೇಳ್ಲಾ?"

ಇಡೀ ಹಾಲ್ ಘೊಳ್ಳೆಂದಿತು. ಲೊರೇನ್ ಕೂಡ ನಕ್ಕಳು. ತಲೆಯಲ್ಲಿ ಒಂದು ಕಾಳಷ್ಟು ಬುದ್ಧಿಯಿದ್ದವನೂ ಆ ನಗುವನ್ನೇ ಹಿಡಿದು ಪಾಠ ಮೇಲಕ್ಕೆತ್ತುತ್ತಿದ್ದ. ಮರ್ಲ್ ಬೀಟ್‌ರೂಟಿನಂತೆ ಕೆಂಪಾಗಿ ಅಬ್ಬರಿಸಿದ: "ಎಲ್ರೂ ಎದ್ದೇಳಿ! ಮುಂದೆ ಬಂದು ಒತ್ತೊತ್ತಾಗಿ ಕೂತ್ಕೊಳ್ಳಿ!"

ಬಾಗಿಲಿದ್ದುದು ಹಿಂದುಗಡೆ. ಆ ಸೀಮೆಯವರನ್ನು ಎಬ್ಬಿಸಿ ಕೈಗೆ ಕೋಟು ಕೊಟ್ಟರೆ ಹೊರಡಿ ಎಂದಂತೆಯೇ. ಎದ್ದ ದಂಡು ಕೋಟು ತೊಡುತ್ತ ಮೆಟ್ಟಿಲೇರಿತು.

"ಈ ಕಡೆ, ಈ ಕಡೆ ಅಂದೆ!"

"ಬರ್ತೀವಿ ಪ್ರೊಫೆಸರ್, ಹಿಮ ಕರಗ್ಲಿ!" ಎಂದಿತು ಬಾಗಿಲ ಕಡೆಯ ಒಂದು ದನಿ.

ಉಳಿದದ್ದು ನಲವತ್ತೋ ಐವತ್ತೋ. ಪಾಪ, ಅವರು ನಿಜಕ್ಕೂ ಮುಂದೆ ಬಂದು ಭುಜಕ್ಕೆ ಭುಜ ತಾಗಿಸಿ ಕೂತರು. ಕೂತದ್ದೇ ತಡ, ಮಾತು ಶುರುವಾಯಿತು.

"ಸುಟ್ಟು ಕಪ್ಪಾಗಿರ್ಬೇಕು."

"ಸುಡೋಕೆ ಅದೇನು ಬ್ರೆಡ್ಡೇನೋ ಪೆದ್ದ? ಲಾವಾ ಕಣೋ" ಎಂದಳು ಟೋಪಿಯ ಹುಡುಗಿ.

"ಇಲ್ಲೆಲ್ಲಿತ್ತೇ ಲಾವಾ? ಈ ಚಳೀಲಿ!"

ಲೊರೇನ್ ಮುಂದಕ್ಕೆ ಬಾಗಿ ಕೇಳುತ್ತಿದ್ದಳು. ಮರ್ಲ್ ವೇದಿಕೆಯಿಂದ ಎರಡು ಹೆಜ್ಜೆ ಕೆಳಗಿಳಿದು "ಹೌದಲ್ಲ, ಎಲ್ಲಿತ್ತು?" ಎಂದಿದ್ದರೆ ಅವನ ಅನ್ನ ಉಳಿಯುತ್ತಿತ್ತು. ಮಹಾಶಯ ಪರದೆಯತ್ತ ತಿರುಗಿದ. "ಸದ್ದು ಮಾಡ್ಬೇಡಿ! ಉತ್ತರ ಇಲ್ಲಿದೆ" ಎಂದು ಓದತೊಡಗಿದ. ಮಾತು ನಿಂತಿತು.

"ಮೈಕು ಯಾಕೆ ಪ್ರೊಫೆಸರ್, ಇಲ್ಲೇ ಇದೀವಲ್ಲ?"

"ಪ್ರಶ್ನೆ ಎಲ್ಲ ಕೊನೇಲಿ" ಎಂದ, ಮೈಕಿನಲ್ಲೇ.

ತರಗತಿ ಮುಗಿದ ಮೇಲೆ ಲೊರೇನ್ ಇಳಿದು ಬಂದಳು. "ಬಾಯಿ ಬಿಟ್ಟಿದ್ರು ಮರ್ಲ್. ನೀನೇ ಮುಚ್ಚಿಸಿದೆ. ನಾನು ಸಹಿ ಹಾಕಲ್ಲ."

ಮರ್ಲ್ ಪರದೆಯತ್ತ ಕೈ ತೋರಿದ.

"ಇನ್ನೂ ಸ್ಲೈಡು ಉಳಿದಿತ್ತಲ್ಲ ಲೊರೇನ್" ಎಂದ.