ಸೀರೆ ತಂದ ಕೋಣಗಳು

ಶನಿವಾರ ನಸುಕಿನಲ್ಲೇ ಚಳ್ಳಕೆರೆ ಬಿಟ್ಟೆವು. ಗುರುವಾರ ಬೆಳಿಗ್ಗೆ ತಂಗಿಯ ಧಾರೆ. ಸೀರೆ ಇನ್ನೂ ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿತ್ತು. ಶುಭಕಾರ್ಯದ ಗಾಡಿಯೆಂದು ಸೋದರಮಾವ ಎತ್ತುಗಳ ಕೊರಳಿಗೆ ಹಿತ್ತಾಳೆ ಗೆಜ್ಜೆಸರ ಕಟ್ಟಿದ್ದರು. ನಾವು ಮರಳಿದ್ದು ಆ ಸದ್ದಿನಿಂದಲೇ ಅವ್ವನಿಗೆ ತಿಳಿಯಬೇಕಂತೆ.

ದಾರಿಯ ತಳಕು ಊರು ಕಣ್ಣಿಗೆ ಬೀಳುವಷ್ಟರಲ್ಲಿ ಗಾಲಿಯ ಕಬ್ಬಿಣದ ಪಟ್ಟಿ ಕಳಚಿತು. ಊರಲ್ಲಿ ಕಮ್ಮಾರನಿದ್ದ, ಅವನಲ್ಲಿ ಇದ್ದಿಲಿರಲಿಲ್ಲ. “ಹುಲ್ಲುಗಾವಲಂಚಿನ ಹಟ್ಟಿಯೋರು ಇದ್ದಿಲು ಸುಟ್ಟು ತರ್ಬೇಕ್ರಿ. ಅವರ ನೇಗಿಲು ನನ್ ತಾವ ಐತೆ, ನನ್ ಬೆಂಕಿ ಅವರ ತಾವ ಐತೆ,” ಎಂದು ನಕ್ಕ. ಅವರು ಬಂದದ್ದು ಭಾನುವಾರ ಮಧ್ಯಾಹ್ನ. ಗಾಲಿ ಸಂಜೆಗೆ ಸಿದ್ಧವಾಯಿತು, ಆದರೆ ಮರುದಿನ ಸೋಮವಾರ, ಬಸವಣ್ಣನ ವಾರ. ನಮ್ಮ ಕಡೆ ಅಂದು ಎತ್ತಿಗೆ ನೊಗ ಇಡುವುದಿಲ್ಲ. ಮಂಗಳವಾರ ಹೊರಟರೆ ಸೀರೆ ಊರು ಸೇರುವ ಹೊತ್ತಿಗೆ ಧಾರೆಯೇ ಮುಗಿದಿರುತ್ತಿತ್ತು.

ಸೋಮವಾರ ಬೆಳಿಗ್ಗೆ ಕುಂಬಾರರ ತಿಪ್ಪಕ್ಕ ಕೋಣದ ಗಾಡಿಗೆ ಮಡಿಕೆ ಹೇರಿ ಮೊಳಕಾಲ್ಮೂರಿಗೆ ಹೊರಟಿದ್ದಳು.

“ನಮ್ ಕೋಣಕ್ಕೆ ಸೋಮವಾರ ಇಲ್ರಿ. ಹತ್ತಿ ಕುಂದರ್ರಿ.”

ಮಾವ ಮೀಸೆ ತಿರುವಿದರು. “ಕೋಣದ ಗಾಡ್ಯಾಗೆ ನಾನಾ? ನೋಡಿದೋರು ಏನಂದಾರು?”

“ಮದುಮಗಳಿಗೆ ಸೀರೆ ಇಲ್ದಿದ್ರೆ ಏನಂತಾರ್ರೀ?”

ಮಾವ ಪಂಚೆ ಎತ್ತಿಕಟ್ಟಿ ಹತ್ತಿದರು. ಎತ್ತುಗಳನ್ನು ಕಮ್ಮಾರನೇ ನೋಡಿಕೊಳ್ಳುತ್ತೇನೆಂದ. ತಿಪ್ಪಕ್ಕ ಬಾಡಿಗೆ ಬೇಡವೆಂದಳು. ಗುಂಡಿ ಬಂದಾಗ ಮಡಿಕೆ ಹಿಡಿದುಕೊಂಡರೆ ಸಾಕಂತೆ. ದಾರಿಯುದ್ದಕ್ಕೂ ಗುಂಡಿಗಳೇ. ಮಾವ ಎರಡೂ ತೋಳಲ್ಲಿ ಮಡಿಕೆ ತಬ್ಬಿ ಕೂತ ಚೆಂದ ನೋಡಿ ನಾನು ಮುಖ ಆಚೆ ತಿರುಗಿಸಿ ನಕ್ಕೆ. ಮಧ್ಯಾಹ್ನ ಕೋಣಗಳು ಕಟ್ಟೆಯ ನೀರಿಗಿಳಿದು ಮಲಗಿಬಿಟ್ಟವು. ಅವು ಏಳುವ ತನಕ ನಾವು ದಂಡೆಯಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

ದೀಪ ಹಚ್ಚುವ ಹೊತ್ತಿಗೆ ಮೊಳಕಾಲ್ಮೂರು ಸೇರಿದೆವು. ಒಂದು ಮಡಿಕೆಯೂ ಒಡೆದಿರಲಿಲ್ಲ. ನೇಕಾರರು ಸೀರೆ ಬಿಚ್ಚಿ ಹಾಸಿದರು: ಗಿಳಿಹಸಿರು ಒಡಲು, ಕೆಂಪು ಅಂಚು. “ಬಾಗುಂದಾ ಸಾಮಿ?” ಚೆನ್ನಾಗಿದೆಯೇ ಎಂದು ತಮ್ಮ ತೆಲುಗಿನಲ್ಲಿ ಕೇಳಿದರು. ಮಾವನ ಕಣ್ಣು ತುಂಬಿತ್ತು. “ಚಾಲಾ ಬಾಗುಂದಿ, ಭಾಳ ಚೆಂದೈತೆ,” ಎಂದರು.

ಮಂಗಳವಾರ ಸಂಜೆ ಅದೇ ಗಾಡಿಯಲ್ಲಿ ತಳಕಿಗೆ ಮರಳಿದೆವು. ಮಾವ ಇಳಿದವರೇ ನಮ್ಮ ಎತ್ತುಗಳ ಹತ್ತಿರ ಹೋಗಿ ಅವುಗಳ ಕೊರಳಿಂದ ಏನನ್ನೋ ಬಿಚ್ಚತೊಡಗಿದರು.

ಬುಧವಾರ ಚಳ್ಳಕೆರೆಯ ನಮ್ಮ ಅಂಗಳಕ್ಕೆ ಎತ್ತಿನ ಗಾಡಿ ಬಂದು ನಿಂತಾಗಲೂ ಅವ್ವ ಹೊರಗೆ ಬಂದಿರಲಿಲ್ಲ. ನಾನು ಕೂಗಿದ ಮೇಲೆ ಓಡಿ ಬಂದು ಸೀರೆಯನ್ನು ಕಣ್ಣಿಗೊತ್ತಿಕೊಂಡಳು.

“ಗೆಜ್ಜೆ ಸದ್ದೇ ಬರ್ಲಿಲ್ಲಲ್ಲೋ ತಮ್ಮಾ. ನೀವಿನ್ನು ಬರಾಕಿಲ್ಲ ಅಂತ ಎದೆ ಒಡಕಂಡು ಒಳಗೆ ಕುಂತಿದ್ದೆ.”

“ಗೆಜ್ಜೆ ತಳಕಿನಾಗೆ ಐತೆ ಅಕ್ಕಾ,” ಎಂದರು ಮಾವ, “ಸೀರೆ ತಂದೋರ ಕೊರಳಾಗೆ.”